ತುಂಬಿಕೊಂಡೇ ಮನೆಗೆ ಬರುವ ಬಾಟಲಿ

ನನ್ನ ತಮ್ಮನ ಮಗಳು ಧಾರವಾಡದಿಂದ ಇಲ್ಲಿ ಮುಂಬೈಗೆ ಬಂದು ಎರಡು ತಿಂಗಳಾಯಿತು. ಫೋರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಮೊದಲ ಕೆಲಸ. ರೂಮು ಸಿಗುವವರೆಗೆ ಅಂತ ಬಂದವಳು ಈಗ ಡೊಂಬಿವಲಿಯ ನಮ್ಮ ಮನೆಯವಳೇ ಆಗಿಬಿಟ್ಟಿದ್ದಾಳೆ. ಬೆಳಿಗ್ಗೆ ಅವಳ ಡಬ್ಬಿ ಕಟ್ಟುವುದು ನಾನೇ, ನೀರಿನ ಬಾಟಲಿ ತುಂಬಿಸುವುದೂ ನಾನೇ. ಹೋದ ವಾರ ಒಂದು ಸಂಜೆ ಅವಳ ಬ್ಯಾಗಿನಿಂದ ಡಬ್ಬಿ ತೆಗೆದು ತೊಳೆಯಲು ಹಾಕಿದೆ, ಆಮೇಲೆ ಬಾಟಲಿ ಎತ್ತಿದೆ. ಕೈಗೆ ಭಾರ ಹತ್ತಿತು. ಬೆಳಿಗ್ಗೆ ಎಷ್ಟು ತುಂಬಿದ್ದೆನೋ ಅಷ್ಟೇ ಇತ್ತು. "ಯಾಕ ಪುಟ್ಟಿ, ಇಡೀ ದಿನ ನೀರ ಮುಟ್ಟೇ ಇಲ್ಲಲ್ಲ?" ಅಂದೆ. ಅವಳು ಕಾಲು ತೊಳೆದುಕೊಂಡು ಬರುತ್ತಾ, ಅದೇನು ದೊಡ್ಡ ವಿಷಯವೇ ಅಲ್ಲ ಅನ್ನುವ ಹಾಗೆ, "ಕುಡದ್ರ ಮತ್ತ ಹೋಗಬೇಕಾಗ್ತದಲ್ಲ ಅತ್ಯಾ" ಅಂದಳು.

ನಾನು ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತೆ. ಈ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಧಾರವಾಡದಲ್ಲಿ ಕಾಲೇಜಿನಿಂದ ಬಂದವಳೇ ಅಡುಗೆಮನೆಗೆ ನುಗ್ಗಿ, ನಿಂತಲ್ಲೇ ಒಂದು ತಂಬಿಗೆ ನೀರು ಗಟಗಟ ಕುಡಿಯುತ್ತಿದ್ದ ಹುಡುಗಿ ಅವಳು. ಎರಡೇ ತಿಂಗಳಲ್ಲಿ ಈ ಊರಿನ ಹೆಂಗಸರ ರೂಢಿ ಅವಳ ಮೈಗೆ ಬಂದುಬಿಟ್ಟಿದೆ. ನನಗೂ ಹೀಗೇ ಬಂದಿತ್ತು. ಅದಕ್ಕೆ ನಾನು ಏನು ತೆತ್ತೆ ಅನ್ನುವುದನ್ನು ಅವತ್ತು ರಾತ್ರಿ ಅವಳಿಗೆ ಹೇಳಲು ಕೂತೆ. ಆದರೆ ಹೇಳುತ್ತಾ ಹೋದಂತೆ ಒಂದು ವಿಷಯ ನನ್ನನ್ನೇ ಕಾಡತೊಡಗಿತು. ಕಿಡ್ನಿಯಲ್ಲಿ ಕಲ್ಲಾಗಿ ತಿಂದ ನೋವು, ನನ್ನ ಜೀವನದ ಅತಿ ಕೆಟ್ಟ ನೋವು ಅದು. ಅಷ್ಟು ನೋವು ತಿಂದ ಮೇಲೂ ನಾನು ಮತ್ತೆ ಅದೇ ರೂಢಿಗೆ ಬಿದ್ದಿದ್ದೆ. ಯಾಕೆ? ಒಂದು ವಾರದಿಂದ ಇದೇ ಯೋಚನೆ. ಅದಕ್ಕೇ ಬರೆಯುತ್ತಿದ್ದೇನೆ.

ಬಾಯಾರಿಕೆ ಮರೆತುಹೋಗುವುದು

2014. ಆಗ ನನಗೆ ಮೂವತ್ತಾರು. ಬೆಳಿಗ್ಗೆ ಅರ್ಧ ಕಪ್ಪು ಚಹಾ, ಅಷ್ಟೇ. ಎಂಟು ಗಂಟೆ ಹೊತ್ತಿನ ಫಾಸ್ಟ್ ಲೋಕಲ್. ಡೊಂಬಿವಲಿಯಿಂದ ವಿಟಿಗೆ (ಈಗಿನ ಸಿಎಸ್‌ಎಂಟಿ ಸ್ಟೇಷನ್ನು, ನಾವೆಲ್ಲ ಈಗಲೂ ವಿಟಿ ಅಂತಲೇ ಅನ್ನುವುದು) ಹತ್ತಿರ ಹತ್ತಿರ ಐವತ್ತು ಕಿಲೋಮೀಟರು, ಒಂದೂಕಾಲು ಗಂಟೆ. ಲೋಕಲ್‌ನಲ್ಲಿ ಟಾಯ್ಲೆಟ್ ಇರುವುದಿಲ್ಲ, ನಿಮಗೆಲ್ಲ ಗೊತ್ತೇ ಇದೆ. ಇಳಿದ ಮೇಲೆ ಹದಿನೈದು ನಿಮಿಷ ನಡಿಗೆ. ಆಫೀಸಿನಲ್ಲಿ ಹೆಂಗಸರ ಟಾಯ್ಲೆಟ್ ಇದ್ದದ್ದು ಎರಡು ಮಹಡಿ ಕೆಳಗೆ, ಮೂರು ಆಫೀಸಿಗೆ ಸೇರಿ ಒಂದು, ಅದಕ್ಕೂ ಚಿಲಕ ಸರಿ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾಯಬೇಕು. ಜೊತೆಗೆ ಬರುವವರು ಸಿಗಬೇಕು, ಅವರಿಗೂ ಅದೇ ಹೊತ್ತಿಗೆ ಬಿಡುವಿರಬೇಕು. ಹೀಗಾಗಿ ಊಟದ ಹೊತ್ತಿಗೆ ಒಂದು ಸಲ, ಹೊರಡುವ ಮುಂಚೆ ಒಂದು ಸಲ. ಈ ಎರಡು ಸಲಕ್ಕೆ ಹೊಂದುವಷ್ಟೇ ನೀರು. ಅನ್ನ ಗಂಟಲಲ್ಲಿ ಇಳಿಯಲು ಎರಡು ಗುಟುಕು, ಮಾತ್ರೆ ಇದ್ದರೆ ಇನ್ನೊಂದು ಗುಟುಕು.

ಮೊದಮೊದಲು ಬಾಯಿ ಒಣಗುತ್ತಿತ್ತು, ತಲೆ ನೋಯುತ್ತಿತ್ತು. ಆರು ತಿಂಗಳು ಕಳೆದ ಮೇಲೆ ಅದೂ ನಿಂತಿತು. ಬಾಯಾರಿಕೆ ಆದರೂ ಆಗಿದೆ ಅಂತ ಅನ್ನಿಸುವುದೇ ಇಲ್ಲ. ಹಸಿವಿನ ಹಾಗೆ ಅದು ಜಗಳ ಮಾಡುವುದಿಲ್ಲ, ಕೇಳಿ ಕೇಳಿ ಸುಮ್ಮನಾಗಿಬಿಡುತ್ತದೆ. ಬಾಟಲಿ ಮಾತ್ರ ದಿನಾ ಬ್ಯಾಗಿನಲ್ಲಿ ಹೋಗಿ ಬರುತ್ತಿತ್ತು. ನಮ್ಮ ಲೇಡೀಸ್ ಡಬ್ಬದಲ್ಲಿ ಎಲ್ಲರದೂ ಇದೇ ಕತೆ. ಬ್ಯಾಂಕಿನವರು, ಟೀಚರುಗಳು, ದಾದರ್‌ನಲ್ಲಿ ಹೂ ಮಾರಲು ಹೋಗುವವರು. ಸೀರೆ, ಮಕ್ಕಳ ಪರೀಕ್ಷೆ, ಅತ್ತೆಯ ಕಾಟ ಎಲ್ಲ ಮಾತಾಡುತ್ತಿದ್ದೆವು, ಇದನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಮಾತಾಡುವಂಥ ವಿಷಯ ಅಂತಲೇ ನಮಗೆ ಹೊಳೆದಿರಲಿಲ್ಲ. ಇದೇ ಮುಂಬೈಯಲ್ಲಿ 2011ರಿಂದ ಹೆಣ್ಣುಮಕ್ಕಳು 'ರೈಟ್ ಟು ಪೀ' (ಮೂತ್ರಕ್ಕೆ ಹೋಗುವ ಹಕ್ಕು) ಅಂತ ಹೋರಾಟ ನಡೆಸಿದ್ದಾರೆ. ಗಂಡಸರಿಗೆ ಪುಕ್ಕಟೆ ಇರುವುದಕ್ಕೆ ಹೆಂಗಸರ ಹತ್ತಿರ ದುಡ್ಡು ಯಾಕೆ, ನಮಗೆ ಜಾಗ ಎಲ್ಲಿ ಅಂತ ಕೇಳಿದ್ದಾರೆ. ಅದು ನನಗೆ ಗೊತ್ತಾದದ್ದು ಎಲ್ಲ ಆಗಿ ಮುಗಿದ ಮೇಲೆ.

ಪಾರ್ಸಿಕ್ ಸುರಂಗ

ಮೇ ತಿಂಗಳ ಎರಡನೇ ವಾರ. ಮುಂಬೈಯ ಮೇ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬೆವರು ಆರುವುದೇ ಇಲ್ಲ, ಬೆನ್ನ ಮೇಲೆ ಹರಿಯುತ್ತಲೇ ಇರುತ್ತದೆ. ಮೈಯ ನೀರೆಲ್ಲ ಹಾಗೆ ಹೋದರೆ ಕಿಡ್ನಿಗೆ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪದಲ್ಲೇ ಉಪ್ಪು, ಕ್ಯಾಲ್ಸಿಯಂ, ಆಕ್ಸಲೇಟ್ ಎಲ್ಲ ಕರಗಿರಬೇಕು. ಕರಗದೆ ಉಳಿದದ್ದು ಹರಳುಗಟ್ಟುತ್ತದೆ. ಬೇಸಿಗೆಯಲ್ಲಿ ಈ ಕಾಯಿಲೆಯವರು ಜಾಸ್ತಿ ಬರುತ್ತಾರೆ ಅಂತ ಡಾಕ್ಟರು ಆಮೇಲೆ ಹೇಳಿದರು.

ವಿಟಿಯಲ್ಲಿ ಹತ್ತಿದಾಗಲೇ ಎಡಗಡೆ ಬೆನ್ನಲ್ಲಿ, ಕೊನೆಯ ಪಕ್ಕೆಲುಬಿನ ಕೆಳಗೆ, ಏನೋ ಹಿಡಿದುಕೊಂಡ ಹಾಗೆ ಇತ್ತು. ಕೂತು ಕೂತು ಹಿಡಿದಿರಬೇಕು ಅಂದುಕೊಂಡೆ. ಸೀಟು ಸಿಕ್ಕಿರಲಿಲ್ಲ. ಠಾಣೆ ದಾಟುವ ಹೊತ್ತಿಗೆ ಆ ಹಿಡಿತ ಹೊಟ್ಟೆಯ ಮುಂಭಾಗಕ್ಕೆ ಬಂದು ತೊಡೆಸಂದಿಯ ಕಡೆಗೆ ಇಳಿಯುತ್ತಿತ್ತು. ಆಗ ನಮ್ಮ ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದ ಒಳಗಿನಿಂದ ಹೋಗುತ್ತಿದ್ದವು. 1916ರ ಹಳೆಯ ಸುರಂಗ, ಒಂದೂಕಾಲು ಕಿಲೋಮೀಟರಿಗಿಂತ ಉದ್ದ. ಗಾಡಿ ಒಳಗೆ ಹೊಕ್ಕ ತಕ್ಷಣ ಹೊರಗಿನ ಬೆಳಕು ಹೋಗಿ ಸದ್ದು ಒಮ್ಮೆಲೇ ಮೈಮೇಲೆ ಬೀಳುತ್ತಿತ್ತು. ನನ್ನ ನೋವು ಕಟ್ಟೆ ಒಡೆದದ್ದು ಅಲ್ಲಿ. ಯಾರೋ ಒಳಗೆ ಕೈ ಹಾಕಿ, ಒದ್ದೆ ಬಟ್ಟೆ ಹಿಂಡುವ ಹಾಗೆ, ಹಿಂಡಿ, ಸಡಿಲ ಬಿಡದೆ ಇನ್ನೊಂದು ಸುತ್ತು ತಿರುಗಿಸಿದ ಹಾಗೆ.

ಒಂದು ವಿಷಯ ಹೇಳಲೇಬೇಕು. ಬೇರೆ ನೋವುಗಳಲ್ಲಿ ಅಲುಗಾಡದೆ ಮಲಗಿದರೆ ಸ್ವಲ್ಪ ಸಮಾಧಾನ ಸಿಗುತ್ತದೆ. ಅಪೆಂಡಿಕ್ಸ್ ಆದವರು ಮಿಸುಕದೆ ಮಲಗಿರುತ್ತಾರೆ. ಇದು ತದ್ವಿರುದ್ಧ. ಇದರಲ್ಲಿ ಮೈ ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಬಗ್ಗಬೇಕು, ಏಳಬೇಕು, ಮಗ್ಗಲು ಬದಲಿಸಬೇಕು, ಓಡಬೇಕು, ಯಾವುದರಿಂದಲೂ ಕಡಿಮೆ ಆಗುವುದಿಲ್ಲ ಅಂತ ಗೊತ್ತಿದ್ದೂ ಮಾಡಬೇಕು. ನಾನು ನಿಂತಿದ್ದ ಜಾಗದಲ್ಲಿ ಕೈ ಮೇಲೆತ್ತಲೂ ಎಡೆ ಇರಲಿಲ್ಲ. ಮುಂದೆ ಒಬ್ಬರ ಬೆನ್ನು, ಹಿಂದೆ ಒಬ್ಬರ ಬ್ಯಾಗು, ಎರಡೂ ಕಡೆ ಭುಜಗಳು. ಓಡಬೇಕೆನ್ನುವ ಮೈಯನ್ನು ಗೋಡೆಯೊಳಗೆ ಇಟ್ಟು ಕಟ್ಟಿದರೆ ಹೇಗೋ ಹಾಗಿತ್ತು. ಸುರಂಗ ದಾಟಲು ಒಂದೆರಡು ನಿಮಿಷ ಆಗಿರಬಹುದು. ನನ್ನ ಬಾಯಿಂದ "ಅವ್ವಾ" ಅಂತ ಬಂದದ್ದು ನನಗೇ ಕೇಳಿಸಲಿಲ್ಲ, ಗಾಡಿಯ ಸದ್ದಿನಲ್ಲಿ ಹೋಯಿತು.

ಬೆಳಕು ಬಂದಾಗ ಎದುರಿನ ಸೀಟಿನಲ್ಲಿದ್ದ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ನನ್ನ ಮುಖ ನೋಡಿದರು. ಅವರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ, ಐದಾರು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದ್ದೆವು. ದಿನಾ ಸಂಜೆ ಅವರು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ತರಕಾರಿ ಸೋಸುತ್ತಾ ಬರುತ್ತಿದ್ದರು. ಅವತ್ತು ಚವಳಿಕಾಯಿ. "ಕಾಯ್ ಝಾಲಂ ಗ?" ಅಂದರು, ಏನಾಯಿತೇ ಅಂತ. ನಾನು ಉತ್ತರ ಕೊಡುವ ಮೊದಲೇ ನನ್ನ ಬಾಯಿಗೆ ವಾಂತಿ ಬಂದಿತ್ತು. ಅವರು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಸೋಸಿದ್ದು, ಸೋಸದ್ದು ಎಲ್ಲ ಚವಳಿಕಾಯಿಯನ್ನು ಪಕ್ಕದವಳ ಸೆರಗಿಗೆ ಸುರಿದು, ಖಾಲಿ ಚೀಲ ನನ್ನ ಬಾಯಿಗೆ ಹಿಡಿದರು. ಇನ್ನೊಂದು ಕೈಯಿಂದ ನನ್ನ ಹಣೆ ಹಿಡಿದರು. "ಸರಕಾ, ಸರಕಾ, ಬಸೂ ದ್ಯಾ ತಿಲಾ" ಅಂತ ಕೂಗಿದರು, ಸರಿಯಿರಿ, ಅವಳಿಗೆ ಕೂರಲು ಬಿಡಿ ಅಂತ. ಇರುವೆ ನುಗ್ಗಲು ಜಾಗವಿಲ್ಲದ ಕಡೆ ಎಲ್ಲಿಂದ ಜಾಗ ಬಂತೋ, ಹೆಂಗಸರು ಒಬ್ಬರ ಮೇಲೊಬ್ಬರು ಒರಗಿಕೊಂಡು ನನಗೆ ನೆಲದ ಮೇಲೆ ಬಗ್ಗಿ ಕೂರುವಷ್ಟು ಎಡೆ ಮಾಡಿದರು. ನೆಲದ ಮೇಲೆ ನಾಲ್ಕೈದು ಚವಳಿಕಾಯಿ ಬಿದ್ದಿದ್ದವು. ಒಂದರ ತುದಿ ಮುರಿದು ನಾರು ಎಳೆದು, ನಾರು ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ಇವತ್ತು ಆ ಸಂಜೆ ನೆನೆಸಿಕೊಂಡರೆ ನೋವು ನೆನಪಿಗೆ ಬರುವುದಿಲ್ಲ. ಬರುವುದು ಆ ನಾರು.

ಹತ್ತರಲ್ಲಿ ಎಷ್ಟು

ಡೊಂಬಿವಲಿಯಲ್ಲಿ ಇಬ್ಬರು ನನ್ನನ್ನು ಇಳಿಸಿ ರಿಕ್ಷಾದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಎಳೆಯ ಡಾಕ್ಟರು, "ದಹಾಪೈಕಿ ಕಿತಿ ದುಖತಂಯ್?" ಅಂತ ಕೇಳಿದ. ಹತ್ತರಲ್ಲಿ ಎಷ್ಟು ನೋವು. ಹದಿನಾಲ್ಕು ವರ್ಷದಿಂದ ಮರಾಠಿಯಲ್ಲೇ ಬಜಾರು ಮಾಡಿದವಳು ನಾನು, ಆಫೀಸಿನಲ್ಲಿ ಮರಾಠಿಯಲ್ಲೇ ಲೆಕ್ಕ ಒಪ್ಪಿಸಿದವಳು. 'ದಹಾ' ಅನ್ನುವ ಶಬ್ದ ಸಿಗಲಿಲ್ಲ. "ಹತ್ತು, ಹತ್ತು" ಅಂದೆ, ಮತ್ತೆ "ಅವ್ವಾ" ಅಂದೆ. ಡಾಕ್ಟರಿಗೆ ತಿಳಿಯಲಿಲ್ಲ. ಬಾಗಿಲ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದ ಆಯಾಬಾಯಿ ಒಳಗೆ ಬಂದಳು. "ಅವ್ವಾ ಅಂತ ಒದರಾಕತ್ತೀ ಅಂದ್ರ ನಮ್ಮ ಕಡೀಯಾಕಿನ ನೀ. ಯಾವೂರ ತಂಗಿ?" ಅಂದಳು. ಸೋಲಾಪುರದವಳು. ಬಕೆಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಎಡಬೆನ್ನ ಮೇಲೆ ಅಂಗೈ ಒತ್ತಿ ಹಿಡಿದಳು. ಇಂಜೆಕ್ಷನ್ನು ಕೊಟ್ಟಾಗಲೂ ಆ ಕೈ ತೆಗೆಯಲಿಲ್ಲ.

ನೋವಿಗೆ ನಂಬರು ಕೇಳುವುದು ಡಾಕ್ಟರುಗಳಿಗೆ ಬೇಕಾಗುತ್ತದೆ, ಔಷಧಿ ಹತ್ತಿತೋ ಇಲ್ಲವೋ ಅಂತ ತಿಳಿಯಲು. ಆದರೆ ನಂಬರು ನೋವಿನ ರೂಪ ಹೇಳುವುದಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವಿನ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ನೋವನ್ನು ಹೇಳುವ 78 ಶಬ್ದಗಳನ್ನು 20 ಗುಂಪು ಮಾಡಿ ಇಟ್ಟಿದ್ದಾರೆ. ಇದನ್ನು ಓದಿದಾಗ ನಮ್ಮ ಮನೆಯ ಮಾತು ನೆನಪಾಯಿತು. ನಮ್ಮ ಅವ್ವನ ಹತ್ತಿರ ನೋವು ಅಂದರೆ ಒಂದೇ ಅಲ್ಲ. ಹಲ್ಲು ಜಗ್ಗುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಚುಚ್ಚುತ್ತದೆ, ಹೊಟ್ಟೆ ಕಡಿಯುತ್ತದೆ, ಕಾಲು ಸೆಳೆಯುತ್ತದೆ, ಹೆರಿಗೆಗೆ ಮಾತ್ರ ಬ್ಯಾನಿ. ಮರಾಠಿಯಲ್ಲಿ 'ಕಳ' ಅಂತ ಒಂದು ಶಬ್ದ ಇದೆ, ಒಮ್ಮೆಲೇ ಎದ್ದು ಹಾಯುವ ನೋವಿಗೆ, ಅದು ಬಹಳ ಸರಿಯಾದ ಶಬ್ದ. ಈ ಕಾಯಿಲೆಗೆ ಅವರು ಮುತಖಡಾ ಅನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಅಶ್ಮರಿ. ಎಲ್ಲದರಲ್ಲೂ ಕಲ್ಲೇ.

ಹೆರಿಗೆಗಿಂತ ಜಾಸ್ತಿನಾ ಅಂತ ಬಹಳ ಜನ ಕೇಳಿದ್ದಾರೆ. ನನಗೆ ಎರಡೂ ಆಗಿದೆ, ನನ್ನ ಮಟ್ಟಿಗೆ ಇದೇ ಜಾಸ್ತಿ. ಬ್ಯಾನಿ ಬಂದು ಹೋಗುತ್ತದೆ, ನಡುವೆ ಉಸಿರಾಡಲು ಬಿಡುತ್ತದೆ, ಮುಂದೆ ಮಗುವಿದೆ ಅಂತ ಗೊತ್ತಿರುತ್ತದೆ. ಇದು ಅಲೆಯಾಗಿ ಏರಿದರೂ ಪೂರ್ತಿ ಇಳಿಯುವುದೇ ಇಲ್ಲ, ಮತ್ತು ಯಾಕೆ ಅಂತ ಗೊತ್ತಿರುವುದಿಲ್ಲ. ಸಾಯುತ್ತಿದ್ದೇನೆ ಅಂತಲೇ ನಾನು ತಿಳಿದದ್ದು. ಮಗನಿಗೆ ಆಗ ಏಳು ವರ್ಷ. ಅವನ ಸ್ಕೂಲ್ ಶೂ ಹೊಲಿಸಲು ಕೊಟ್ಟದ್ದು ಮನೆಯಲ್ಲಿ ಯಾರಿಗೂ ಹೇಳಿಲ್ಲವಲ್ಲ ಅನ್ನುವ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

ಇಂಜೆಕ್ಷನ್ನು ಡೈಕ್ಲೋಫೆನಾಕ್. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ನೋವು ಇಳಿಯಿತು, ಮಳೆ ನಿಂತ ಹಾಗೆ. ಇಷ್ಟು ದೊಡ್ಡ ನೋವಿಗೆ ಅಷ್ಟು ಸಾಮಾನ್ಯ ಔಷಧಿ ಹೇಗೆ ಸಾಕಾಯಿತು ಅಂತ ಆಮೇಲೆ ಕೇಳಿದೆ. ದೊಡ್ಡ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಲ್ಲು ಕಿಡ್ನಿಯೊಳಗೆ ಸುಮ್ಮನೆ ಕೂತಿದ್ದರೆ ಬಹಳ ಸಲ ಗೊತ್ತೇ ಆಗುವುದಿಲ್ಲ. ಅಲ್ಲಿಂದ ಇಳಿದು ಮೂತ್ರನಾಳಕ್ಕೆ ಬಂದಾಗ ತೊಂದರೆ ಶುರು. ನಾಳ ಒಂದು ಗೇಣು ಉದ್ದ, ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರು ಮಾತ್ರ. ಕಲ್ಲು ಸಿಕ್ಕಿಕೊಂಡರೆ ಹಿಂದೆ ಮೂತ್ರ ಕಟ್ಟಿಕೊಂಡು ಕಿಡ್ನಿ ಉಬ್ಬುತ್ತದೆ, ಅದರ ಹೊದಿಕೆ ಬಿಗಿಯುತ್ತದೆ. ಕಲ್ಲು ಗೀರಿ ನೋವಾಗುತ್ತದೆ ಅಂತ ನಾನು ತಿಳಿದಿದ್ದೆ. ಮುಖ್ಯವಾಗಿ ನೋವು ಈ ಒತ್ತಡದ್ದು. ಆ ಹೊತ್ತಿಗೆ ಕಿಡ್ನಿಯಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಹೆಚ್ಚಾಗಿ ಒತ್ತಡ ಇನ್ನೂ ಏರುತ್ತದೆ, ಈ ಔಷಧಿ ನೇರವಾಗಿ ಅದನ್ನೇ ತಡೆಯುತ್ತದೆ. ಕಿಡ್ನಿ ಮತ್ತು ಹೊಟ್ಟೆಯ ನರಗಳು ಒಂದೇ ಕಡೆ ಕೂಡುವುದರಿಂದ ವಾಂತಿ. ನನ್ನ ಕಲ್ಲು 6 ಮಿಲಿಮೀಟರು, ನಾಳ ಮೂತ್ರಕೋಶ ಸೇರುವ ಕೊನೆಯ ಇಕ್ಕಟ್ಟಿನಲ್ಲಿ ಇತ್ತು. ಐದಕ್ಕಿಂತ ಸಣ್ಣದು ಬಹುತೇಕ ತಾನೇ ಬೀಳುತ್ತದೆ, ಹತ್ತಕ್ಕಿಂತ ದೊಡ್ಡದು ಬೀಳುವುದು ಅಪರೂಪ. ನನ್ನದು ನಡುವಿನದು. ಕಾದು ನೋಡೋಣ ಅಂದರು, ನಾಳ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟರು.

ಹೊರಡುವಾಗ ಆಯಾಬಾಯಿ ಕೇಳಿದ್ದು ಇಷ್ಟೇ. "ನೀರ ಕಡಿಮಿ ಕುಡೀತಿ, ಹೌದಲ್ಲ?" ನಾನು ಹೂಂ ಅಂದೆ. "ಗಾಡ್ಯಾಗ ಹೋಗೋ ಹೆಣ್ಣಮಕ್ಕಳು ಹಿಂಗ ಬರ್ತಾರ. ಬ್ಯಾಸಗ್ಯಾಗಂತೂ ಭಾಳ. ಹಿಡಕೊಂಡು ಹಿಡಕೊಂಡು..." ಅಂತ ಅರ್ಧಕ್ಕೆ ನಿಲ್ಲಿಸಿ ಬಕೆಟ್ಟು ಎತ್ತಿಕೊಂಡಳು. (ಹಿಡಿದುಕೊಳ್ಳುವುದರಿಂದ ಕಲ್ಲಾಗುವುದಿಲ್ಲ, ಅದರಿಂದ ಸೋಂಕಾಗಬಹುದು. ಕಲ್ಲಾಗುವುದು ಕುಡಿಯದೆ ಇರುವುದರಿಂದ. ಆದರೆ ಕುಡಿಯದೆ ಇರುವುದೇ ಹಿಡಿದುಕೊಳ್ಳಬೇಕಾಗುತ್ತದೆ ಅಂತ, ಆದ್ದರಿಂದ ಅವಳು ಹೇಳಿದ್ದು ಸರಿಯೇ.)

ಹನ್ನೊಂದು ದಿನ ಮನೆಯಲ್ಲಿದ್ದೆ. ನೋವು ಇನ್ನೂ ಎರಡು ಸಲ ಬಂತು, ಮೊದಲಿನಷ್ಟಲ್ಲ. ನಮ್ಮ ಮನೆಯವರು ಮಾಟುಂಗಾ ಮಾರ್ಕೆಟ್ಟಿನಿಂದ ಬಾಳೆದಿಂಡು ತಂದರು, ಅತ್ತೆ ಅದರ ರಸ ತೆಗೆದು ಕೊಟ್ಟರು, ಹುರುಳಿಕಟ್ಟು ಕುಡಿಸಿದರು. ಕಲ್ಲು ಬಿದ್ದದ್ದು ಅದರಿಂದಲೇ ಅಂತ ಅತ್ತೆ ಕೊನೆಯವರೆಗೂ ನಂಬಿದ್ದರು. ಅದರ ಜೊತೆ ಹೊಟ್ಟೆಗೆ ಹೋದ ನೀರಿನ ಕೆಲಸವೇ ಜಾಸ್ತಿ ಅಂತ ನನ್ನ ಅನಿಸಿಕೆ, ಆದರೆ ಆ ಹನ್ನೊಂದು ದಿನ ಅವರು ಹೊತ್ತು ಹೊತ್ತಿಗೆ ಲೋಟ ಹಿಡಿದು ಎದುರಿಗೆ ನಿಲ್ಲದಿದ್ದರೆ ನಾನು ಅಷ್ಟು ನೀರು ಕುಡಿಯುತ್ತಿರಲಿಲ್ಲ. ಪಕ್ಕದ ಮನೆಯವರು ಹಾಲು ಬಿಡು, ಅದರಲ್ಲಿ ಕ್ಯಾಲ್ಸಿಯಂ ಇದೆ ಅಂದರು. ಡಾಕ್ಟರು ಬೇಡವೇ ಬೇಡ ಅಂದರು. ಊಟದ ಜೊತೆ ಹೋದ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ, ಹಾಲು ಮೊಸರು ಬಿಟ್ಟರೆ ಕಲ್ಲು ಕಡಿಮೆ ಆಗುವ ಬದಲು ಹೆಚ್ಚಾಗಬಹುದು. ಕಡಿಮೆ ಮಾಡಬೇಕಾದದ್ದು ಉಪ್ಪು. ನಮ್ಮ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಇಲ್ಲದೆ ರೊಟ್ಟಿ ಮುಗಿಯುವುದಿಲ್ಲ, ಅದೊಂದು ಕಷ್ಟವೇ ಆಯಿತು. ಹನ್ನೆರಡನೇ ದಿನ ಬೆಳಿಗ್ಗೆ, ಮೂತ್ರ ಸೋಸಲು ಇಟ್ಟುಕೊಂಡಿದ್ದ ಹಳೆಯ ಚಹಾ ಜಾಲರಿಯಲ್ಲಿ ಕಲ್ಲು ಸಿಕ್ಕಿತು. ತೊಗರಿಕಾಳಿನಷ್ಟು, ಕಂದು ಬಣ್ಣ, ಕಲ್ಲುಸಕ್ಕರೆ ಚೂರಿನ ಹಾಗೆ ಮೂಲೆ ಮೂಲೆ. ಅಂಗೈ ಮೇಲೆ ಇಟ್ಟರೆ ತೂಕವೇ ಇಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಇಷ್ಟಕ್ಕನ ಇಷ್ಟ ಕಾಡೇತೇನವಾ" ಅಂದರು. ಲ್ಯಾಬಿನವರು ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬರೆದು ಕೊಟ್ಟರು, ಎಲ್ಲಕ್ಕಿಂತ ಸಾಮಾನ್ಯವಾಗಿ ಆಗುವುದು ಅದೇ.

ನೋವು ಯಾಕೆ ಕಲಿಸಲಿಲ್ಲ

ಇಷ್ಟಾದ ಮೇಲೆ ಇನ್ನು ಜನ್ಮದಲ್ಲಿ ನೀರು ಬಿಡುವುದಿಲ್ಲ ಅಂದುಕೊಂಡಿದ್ದೆ. ಜೂನ್, ಜುಲೈ ಚೆನ್ನಾಗಿ ಕುಡಿದೆ. ಮಳೆಗಾಲ ಶುರುವಾಯಿತು, ಬೆವರು ನಿಂತಿತು. ಗಣೇಶ ಹಬ್ಬದ ಹೊತ್ತಿಗೆ ಒಂದು ಸಂಜೆ ಬ್ಯಾಗು ತೆರೆದರೆ ಬಾಟಲಿ ತುಂಬಿಕೊಂಡೇ ಇತ್ತು. ಅದು ಮೊದಲನೇ ದಿನವೂ ಆಗಿರಲಿಲ್ಲ, ನನಗೆ ಕಂಡದ್ದು ಅವತ್ತು, ಅಷ್ಟೇ. ನಾಲ್ಕೇ ತಿಂಗಳು.

ನನ್ನ ಮನಸ್ಸು ಗಟ್ಟಿ ಇಲ್ಲ ಅಂತ ಆಗ ಬಹಳ ಬೇಜಾರು ಮಾಡಿಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. 1996ರಲ್ಲಿ ಕೆನಡಾದ ಡಾಕ್ಟರು ಡೊನಾಲ್ಡ್ ರೆಡೆಲ್‌ಮಯರ್ ಮತ್ತು ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಒಂದು ಅಧ್ಯಯನ ಪ್ರಕಟಿಸಿದರು. ಕರುಳಿನ ಪರೀಕ್ಷೆ ಮಾಡಿಸಿಕೊಳ್ಳುವವರ ಹತ್ತಿರ ನಿಮಿಷ ನಿಮಿಷಕ್ಕೆ ನೋವು ಎಷ್ಟು ಅಂತ ಕೇಳಿ ಬರೆದುಕೊಂಡು, ಆಮೇಲೆ ಒಟ್ಟಾರೆ ಹೇಗಿತ್ತು ಅಂತಲೂ ಕೇಳಿದರು. ಎಷ್ಟು ಹೊತ್ತು ನೋವಿತ್ತು ಅನ್ನುವುದು ನೆನಪಿನಲ್ಲಿ ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲಿಲ್ಲ. ಎರಡೇ ಉಳಿದದ್ದು, ಅತಿ ಕೆಟ್ಟ ಗಳಿಗೆ ಮತ್ತು ಕೊನೆಯ ಗಳಿಗೆ. ನನ್ನ ಕೊನೆ ಹೇಗಿತ್ತು ಅಂತ ನೋಡಿ. ಬೆನ್ನ ಮೇಲೆ ಒಂದು ಬೆಚ್ಚನೆಯ ಅಂಗೈ, ಕಿವಿಗೆ ನಮ್ಮ ಕಡೆಯ ಮಾತು, ಇಂಜೆಕ್ಷನ್ನು ಹತ್ತಿ ಮೈಯೆಲ್ಲ ಹಗುರ, ಮನೆಗೆ ಬಂದರೆ ಅತ್ತೆಯ ಲೋಟ. ಆ ಸಂಜೆಯನ್ನು ನೆನೆದರೆ ನನಗೆ ಭಯ ಆಗುವುದಿಲ್ಲ, ಕಣ್ಣು ತುಂಬಿ ಬರುತ್ತದೆ. ಆ ಜನರ ಒಳ್ಳೆಯತನದಲ್ಲಿ ನೋವಿನ ಮೊನೆ ಸವೆದುಹೋಗಿದೆ. ಅವರಿಗೆ ನಾನು ಜನ್ಮವಿಡೀ ಋಣಿ. ಆದರೆ ಭಯವನ್ನು ನಂಬಿಕೊಂಡು ರೂಢಿ ಬದಲಿಸಲು ಹೊರಟಿದ್ದೆನಲ್ಲ, ಆ ಭಯವೇ ಉಳಿದಿರಲಿಲ್ಲ. ಇನ್ನೊಂದು ಕಡೆ ಟಾಯ್ಲೆಟ್ ಎರಡು ಮಹಡಿ ಕೆಳಗೇ ಇತ್ತು, ಚಿಲಕ ಹಾಗೇ ಇತ್ತು, ದಿನಾ ಇತ್ತು. ದಿನಾ ಇರುವುದರ ಮುಂದೆ ಒಂದು ದಿನದ ನೋವು ಏನು ಮಾಡೀತು?

2016ರಲ್ಲಿ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ಕಿಡ್ನಿಯಲ್ಲಿ 3 ಮಿಲಿಮೀಟರಿನ ಇನ್ನೊಂದು ಕಲ್ಲು ಕಂಡಿತು. ನೋವಿರಲಿಲ್ಲ. ಡಾಕ್ಟರು ಬಯ್ಯಲಿಲ್ಲ, ಒಂದು ಲೆಕ್ಕ ಹೇಳಿದರು. ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ಜನರನ್ನು ಐದು ವರ್ಷ ನೋಡಿದ್ದಾರೆ, 1996ರಲ್ಲಿ ಪ್ರಕಟವಾಗಿದೆ. ಹೆಚ್ಚು ನೀರು ಕುಡಿಯಲು ಹೇಳಿದವರಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಕಲ್ಲಾಯಿತು, ಹೇಳದೆ ಬಿಟ್ಟವರಲ್ಲಿ 27 ಜನರಿಗೆ. ಎಷ್ಟು ಕುಡಿದೆ ಅಂತ ಅಳೆಯಬೇಡಿ, ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ಕುಡಿಯಿರಿ, ಬೆವರಿಗೆ ಹೋಗುವುದು ಬೇರೆ ಅಂದರು. ಆಮೇಲೆ, "ಬಾಟಲಿ ಜೊತೆ ಇಟ್ಟುಕೊಂಡರೆ ಸಾಲದು, ಯಾವಾಗ ಕುಡಿಯುತ್ತೀರಿ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ನೀರನ್ನು ಗಡಿಯಾರಕ್ಕೆ ಕಟ್ಟುವುದು ಬಿಟ್ಟು, ಹೇಗೂ ಮಾಡುವ ಕೆಲಸಗಳಿಗೆ ಕಟ್ಟಿದೆ. ಬೆಳಿಗ್ಗೆ ಎದ್ದು ಹಾಸಿಗೆ ಮಡಿಚುವ ಮೊದಲು ತಂಬಿಗೆಯ ಅರ್ಧ. ಆಫೀಸಿನಲ್ಲಿ ಬ್ಯಾಗು ಕುರ್ಚಿಗೆ ತೂಗುಹಾಕಿದ ತಕ್ಷಣ, ಕಂಪ್ಯೂಟರ್ ಹಚ್ಚುವ ಮೊದಲು, ಒಂದು ಲೋಟ. ಚಹಾದವನು ಬಂದು ಕಪ್ಪು ಇಟ್ಟರೆ ಮೊದಲು ನೀರು, ಆಮೇಲೆ ಚಹಾ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಉಳಿದ ದೊಡ್ಡ ಪಾಲು. ನಮ್ಮೂರಲ್ಲಿ ಯಾರೇ ಮನೆಗೆ ಬಂದರೂ ಮೊದಲು ತಂಬಿಗೆ ನೀರು ಕೊಡುತ್ತಾರಲ್ಲ, ಅದನ್ನೇ ನನಗೆ ನಾನು ಕೊಟ್ಟುಕೊಂಡೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ರೂಢಿಯೊಂದು ಯೋಚನೆ ಮಾಡದೆ ಆಗುವಂತಾಗಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ನನಗೆ ಐದು ತಿಂಗಳು ಹಿಡಿಯಿತು. ಅದೇ ವರ್ಷ ಆಫೀಸು ಬೇರೆ ಕಟ್ಟಡಕ್ಕೆ ಹೋಯಿತು, ಅಲ್ಲಿ ಹೆಂಗಸರ ಟಾಯ್ಲೆಟ್ ನಮ್ಮ ಮಹಡಿಯಲ್ಲೇ ಇತ್ತು, ಚಿಲಕ ಬೀಳುತ್ತಿತ್ತು. ಇದನ್ನು ಹೇಳದೆ ಹೋದರೆ ಎಲ್ಲ ನನ್ನ ಹಟದಿಂದಲೇ ಆಯಿತು ಅಂತ ಸುಳ್ಳು ಹೇಳಿದ ಹಾಗಾಗುತ್ತದೆ.

ಕೀಲಿಕೈ

ಇಷ್ಟನ್ನೂ ಪುಟ್ಟಿಗೆ ಹೇಳಿದೆ. ಸುರಂಗ, ಚವಳಿಕಾಯಿ, ಆಯಾಬಾಯಿ ಎಲ್ಲ. ಅವಳು ಕಣ್ಣು ಬಿಟ್ಟುಕೊಂಡು ಕೇಳಿದಳು, "ಅಷ್ಟ ನೂಸ್ತದೇನ ಅತ್ಯಾ?" ಅಂದಳು. ಮರುದಿನ ಬಾಟಲಿ ಮತ್ತೆ ತುಂಬಿಕೊಂಡೇ ಬಂತು. ನನಗೆ ಆಶ್ಚರ್ಯ ಆಗಲಿಲ್ಲ. ನಾನು ತಿಂದ ನೋವೇ ನನ್ನನ್ನು ನಾಲ್ಕು ತಿಂಗಳಿಗಿಂತ ಜಾಸ್ತಿ ತಡೆಯಲಿಲ್ಲ, ನಾನು ಹೇಳಿದ ನೋವು ಅವಳನ್ನು ಹೇಗೆ ತಡೆದೀತು?

ಆದ್ದರಿಂದ ಈ ಸಲ ಬೇರೆ ಪ್ರಶ್ನೆ ಕೇಳಿದೆ. ನಿಮ್ಮ ಆಫೀಸಿನಲ್ಲಿ ಟಾಯ್ಲೆಟ್ ಎಲ್ಲಿದೆ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅದೇ ಮಹಡಿಯಲ್ಲೇ ಇದೆಯಂತೆ, ಸ್ವಚ್ಛವೂ ಇದೆಯಂತೆ. ಆದರೆ ಹೊರಗಿನವರು ಬಳಸುತ್ತಾರೆ ಅಂತ ಬೀಗ ಹಾಕುತ್ತಾರೆ. ಕೀಲಿಕೈ ಇರುವುದು ಆಡಳಿತ ನೋಡುವ ಒಬ್ಬರ ಟೇಬಲ್ಲಿನ ಮೇಲೆ, ಒಂದು ಗೇಣಿನ ಮರದ ತುಂಡಿಗೆ ಕಟ್ಟಿದೆ, ಕಳೆಯಬಾರದು ಅಂತ. ಅದನ್ನು ಕೇಳಿ ತೆಗೆದುಕೊಂಡು, ಹದಿನೈದು ಇಪ್ಪತ್ತು ಗಂಡಸರು ಕೂತ ಸಾಲುಗಳ ನಡುವೆ ಆ ಮರದ ತುಂಡು ಹಿಡಿದುಕೊಂಡು ನಡೆಯಬೇಕು. ಆಮೇಲೆ ಹಾಗೇ ವಾಪಸು. "ಎರಡನೇ ಸಲ ಕೇಳಿದಾಗ ಅವರು ಗಡಿಯಾರ ನೋಡಿದ್ರು ಅತ್ಯಾ" ಅಂದಳು. ಅವರು ಸುಮ್ನೆ ನೋಡಿರಬಹುದು, ಏನೂ ಅನ್ನದೆಯೂ ಇರಬಹುದು. ಆದರೆ ಅವತ್ತಿನಿಂದ ಇವಳು ನೀರು ಬಿಟ್ಟಿದ್ದಾಳೆ.

ನಿನ್ನ ಥರ ಎಷ್ಟು ಜನ ಇದ್ದೀರಿ ಅಂದೆ. ಏಳು ಜನ ಹೆಂಗಸರು. ಅವರೂ ಹೀಗೇನಾ ಅಂತ ಕೇಳಿದೆ. ಗೊತ್ತಿಲ್ಲ, ಯಾರೂ ಮಾತಾಡಿಲ್ಲ ಅಂದಳು. ನಾಳೆ ಊಟದ ಹೊತ್ತಿಗೆ ಒಬ್ಬರ ಬಾಟಲಿ ಎತ್ತಿ ನೋಡು ಅಂದೆ.

ಸೋಮವಾರ ಅವಳು ಎತ್ತಿ ನೋಡಿದ್ದಾಳೆ. ಮೂರು ಬಾಟಲಿ, ಮೂರೂ ಭಾರ. ಅವರಲ್ಲಿ ಒಬ್ಬರು ವಿರಾರ್‌ನಿಂದ ಬರುವವರು, ಇವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು, ಅವರಿಗೂ ಒಮ್ಮೆ ಕಲ್ಲಾಗಿತ್ತಂತೆ. ಆ ಊಟದ ಹೊತ್ತಿನಲ್ಲಿ ಏನೇನು ಮಾತಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಮಂಗಳವಾರ ನಾಲ್ಕು ಜನ ಕೂಡಿ ಹೋಗಿ ಕೀಲಿಕೈ ಟೇಬಲ್ಲಿನ ಮೇಲೆ ಬೇಡ, ಟಾಯ್ಲೆಟ್ಟಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ಅಲ್ಲೇ ತೂಗುಹಾಕಿ ಅಂತ ಕೇಳಿದ್ದಾರೆ. ಅವರು ಒಪ್ಪಿಕೊಂಡರಂತೆ, ಇದನ್ನು ಮೊದಲೇ ಹೇಳಬಾರದಿತ್ತಾ ಅಂದರಂತೆ. ಮರದ ತುಂಡು ಮಾತ್ರ ಹಾಗೇ ಇದೆ.

ನಿನ್ನೆ ಬುಧವಾರ. ಪುಟ್ಟಿ ಎಂಟೂವರೆಗೆ ಬಂದಳು, ಗಾಡಿ ಲೇಟು. ನಾನು ಡಬ್ಬಿ ತೆಗೆದೆ, ಬಾಟಲಿ ಎತ್ತಿದೆ. ಅರ್ಧ ಇತ್ತು.